ಯಾರೂ ಮೆಟ್ಟದ ಚಪ್ಪಲಿ

2021. ಮುಂಬೈ ಹತ್ತಿರದ ಕಲ್ಯಾಣದಾಚೆಯ ಒಂದು ಠಾಣೆಯಲ್ಲಿ ಕನ್ನಡದವನಾದ ನಾನು ಸಬ್ ಇನ್ಸ್‌ಪೆಕ್ಟರ್. ನಿವೃತ್ತಿಗೆ ಎರಡು ವರ್ಷ ಬಾಕಿ, ತಲೆ ಸದಾ ಬಿಸಿ. ಒಂದು ಬೆಳಿಗ್ಗೆ ಟಿಟ್ವಾಳಾದಿಂದ, ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುವ ಮರಾಠಿ ಹೆಂಗಸೊಬ್ಬರು ದೂರು ತಂದರು. ಎದುರು ಫ್ಲ್ಯಾಟಿನ ಬಾಗಿಲಲ್ಲಿ ಹದಿನಾಲ್ಕು ತಿಂಗಳಿಂದ ಹೆಂಗಸಿನ ಚಪ್ಪಲಿ ಇದೆ. ಬೆಳಿಗ್ಗೆ ಅದರ ಮುಖ ಹೊರಗೆ, ಸಂಜೆ ಒಳಗೆ.

"ಆದ್ರೆ ಸಾಹೇಬ್, ಆ ಬಾಯಿಯನ್ನ, ಆ ಹೆಂಗಸನ್ನ, ನಾನು ಒಂದು ದಿನವೂ ನೋಡಿಲ್ಲ" ಎಂದರು. ಕೊಲೆಯೇ ಇರಬೇಕೆಂದು ಎದ್ದು ಹೊರಟೆ.

ಹೌಸಿಂಗ್ ಸೊಸೈಟಿಗೆ ಕೊಟ್ಟ ಬಾಡಿಗೆ ಫಾರ್ಮಿನಲ್ಲಿ ಮೂರು ಹೆಸರು: ಮಾರ್ಕೆಟ್ಟಿನ ಹಮಾಲ ಶರಣಪ್ಪ, ಹೆಂಡತಿ ಲಕ್ಷ್ಮಿ, ಅವಳ ಅಣ್ಣ ದಿನೇಶ. ಊರು ನೋಡಿದರೆ, ಕಲಬುರಗಿಯ ಶರಣಪ್ಪನಿಗೆ ಕುಂದಾಪುರದ ಭಾವ! ಹೋಗಿ ನೋಡಿದರೆ ಮನೆಯಲ್ಲಿ ಗಂಡಸರಿಬ್ಬರೇ. ಹಗ್ಗದ ಮೇಲೆ ಬಿಸಿಲಿಗೆ ಬಣ್ಣ ಹೋದ ಸೀರೆ. ಕನ್ನಡಿಯ ಮುಂದೆ ಸೀಲು ಒಡೆಯದ ಕುಂಕುಮದ ಡಬ್ಬಿ. ಹೆಂಗಸಿನ ಒಂದು ಕೂದಲೆಳೆ ಸಹ ಸಿಗಲಿಲ್ಲ.

ಇಬ್ಬರನ್ನೂ, ಪುರಾವೆಗೆಂದು ಆ ಚಪ್ಪಲಿಯನ್ನೂ ಠಾಣೆಗೆ ತಂದು ಮೇಜು ಗುದ್ದಿದೆ. "ಎಲ್ಲಿ ಹಾಕಿದಿರಿ ಅವಳನ್ನ?"

ಶರಣಪ್ಪ ದಿನೇಶನಿಗೆ ಅಡ್ಡವಾಗಿ ಬಂದು ನಿಂತ. "ಬರಕೋರಿ ಸಾಹೇಬ್ರ. ನಾನೇ ಕೊಂದೀನಿ. ಅಂವಾ ಏನೂ ಮಾಡಿಲ್ರಿ."

ನಾನು ಪೆನ್ನು ತೆಗೆದೆ. ದಿನೇಶ ಗೊಳೋ ಎಂದು ಅತ್ತ. "ಹೆಂಗ್ಸೇ ಇಲ್ಲೆ ಮರಾಯ್ರೆ! ಬ್ಯಾಚುಲರ್‌ಗೆ ಮನೆ ಕೊಡುದಿಲ್ಲೆ ಅಂದ್ರ್, ಲಕ್ಷ್ಮಿ ಅಂದೇಳಿ ಒಂದ್ ಹೆಸ್ರ್ ನಾವೇ ಹುಟ್ಟಿಸ್ಕಂಡದ್. ಗಂಡ-ಹೆಂಡ್ತಿ ಇದ್ದಂಗೆ ಇಪ್ಪುದ್ ನಾವಿಬ್ರೇ."

ಊರಿಗೆ ಫೋನ್ ಮಾಡಿಸಿದೆ. ಶರಣಪ್ಪನಿಗೆ ಮದುವೆಯೇ ಆಗಿರಲಿಲ್ಲ. ಚಪ್ಪಲಿ ತಿರುವಿ ನೋಡಿದರೆ ಅಟ್ಟೆಯಡಿ ಬೆಲೆಯ ಸ್ಟಿಕ್ಕರ್ ಹಾಗೇ ಇತ್ತು.

ಗಂಡಸರಿಬ್ಬರ ಸಂಬಂಧವನ್ನೂ ಅಪರಾಧವೆನ್ನುತ್ತಿದ್ದದ್ದು ಸೆಕ್ಷನ್ 377. ವಯಸ್ಕರು ಒಪ್ಪಿ, ಖಾಸಗಿಯಾಗಿ ಕೂಡಿದರೆ ಅದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತ್ತು. ಅದನ್ನೇ ಬಿಡಿಸಿ ಹೇಳಿದೆ.

"ಇದು ಗುನ್ನೆ ಅಲ್ಲೇನ್ರಿ?" ಶರಣಪ್ಪ ಮೂರು ಸಲ ಕೇಳಿದ.

"ಅಲ್ಲ ಮಾರಾಯ. ಕೊಲೆಗೆ ಗಲ್ಲಾದರೂ ಆಗಬಹುದು, ಗೊತ್ತಿಲ್ವಾ?"

"ಗೊತ್ತೈತ್ರಿ. ಆದ್ರ ಕೊಲಿ ಅಂದ್ರ ಊರಾಗ ಹೇಳಬಹುದಿತ್ರಿ, ಇದನ್ನ ಹೇಳಾಕ ಆಗೂದಿಲ್ರಿ."

ನಾನು ಪೆನ್ನು ಮುಚ್ಚಿಟ್ಟೆ. ಕಾನೂನು ಬಲ್ಲ ನಾನು ಮೊದಲು ಮೇಜು ಗುದ್ದಿದ್ದೆ, ಕಾನೂನು ಹೇಳಿದ್ದು ಆಮೇಲೆ. ಆ ನಾಚಿಕೆ ಇಂದಿಗೂ ಇದೆ. ಎದುರಿಗೆ ಕೂತವನಿಗೆ ಯಾವುದು ಅಪರಾಧವಲ್ಲ ಎಂದು ಮೊದಲೇ ಹೇಳಬೇಕೆಂಬುದನ್ನು ಮೂವತ್ತು ವರ್ಷದ ನೌಕರಿ ಕಲಿಸಿರಲಿಲ್ಲ; ಆ ದಿನ ಕಲಿತೆ.

ಸಂಜೆ ಇಬ್ಬರನ್ನೂ ಮನೆಗೆ ಬಿಟ್ಟು, ಚಪ್ಪಲಿಯನ್ನು ಬಾಗಿಲಲ್ಲಿಟ್ಟೆ. ಕಾಕೂ ಬಾಗಿಲು ಓರೆ ಮಾಡಿ ಕೇಳಿದರು, "ಬಾಯಿ ಸಿಕ್ಕಳಾ?"

"ಕ್ಷೇಮವಾಗಿದ್ದಾಳೆ, ಕಾಕೂ" ಎಂದೆ. ಆಮೇಲೆ ಬಗ್ಗಿ, ಚಪ್ಪಲಿಯ ಮುಖವನ್ನು ನಾನೇ ಒಳಗೆ ತಿರುಗಿಸಿಟ್ಟೆ.