ಟ್ಯಾಂಕಿನ ಅಡಿಯ ಕಂಬಳಿ

ಶಬ್ದ ಕೇಳಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಒಂದೇ ಶಬ್ದ. ಕೈಯಲ್ಲಿದ್ದ ಲೋಟ ತೊಳೆದು ಬೋರಲು ಹಾಕಿ, ಆಮೇಲೆ ದಡಕ್ಕೆ ಓಡಿದೆ. ಯಾಕೆ ತೊಳೆದೆನೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಬೋಟು ಉರಿಯುತ್ತ ಅರ್ಧ ಮುಳುಗಿತ್ತು. ಅದರಲ್ಲಿದ್ದ ನನ್ನ ಯಜಮಾನರು ತೀರಿಹೋಗಿದ್ದರು.

ಅವರ ಕೆಲಸ ಬೋಟುಗಳ ಪೆಟ್ರೋಲ್ ಟ್ಯಾಂಕ್ ನೋಡಿಕೊಳ್ಳುವುದು. ಹಲಗೆಯ ಕೆಳಗೆ, ಬೋಟಿನ ಹೊಟ್ಟೆಯೊಳಗೆ ಕೂರಿಸಿರುವ ಟ್ಯಾಂಕ್. ಕಣ್ಣಿಗೆ ಕಾಣದ್ದನ್ನು ಯಾರೂ ನೋಡುವುದಿಲ್ಲ, ಅವರು ನೋಡುತ್ತಿದ್ದರು. ಮುಚ್ಚಳದ ರಬ್ಬರ್ ಬದಲಿಸುವರು. ತಳದಲ್ಲಿ ಸೇರಿದ ನೀರು ಎಳೆದು ತೆಗೆಯುವರು. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳುವರು. ಬೋಟು ನಿಲ್ಲಿಸಿಡುವಾಗ ಟ್ಯಾಂಕ್ ತುಂಬಿಸಿಡಿ, ಖಾಲಿ ಇದ್ದರೆ ಒಳಗೆ ಬೆವರಿ ನೀರು ಸೇರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳುವರು. "ಮೊದಲು ಮೂಗು, ಆಮೇಲೆ ಕೀಲಿ" ಎನ್ನುವುದು ಅವರ ಮಾತು. ಸೋರಿದ ಪೆಟ್ರೋಲಿಗೆ ಒಂದು ಕಿಡಿ ಸಾಕು, ಹಲಗೆ ಎತ್ತಿ ಮೂಸದೆ ಇಂಜಿನ್ ಚಾಲೂ ಮಾಡುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಮೂಗಿನ ಮೇಸ್ತ್ರಿ. ಮನೆಯಲ್ಲಿ ಹಾಲು ಸೀದರೆ ಬೀದಿಯಿಂದಲೇ ಕೂಗುವರು.

ಅವತ್ತು ಅವರಿಗೆ ನೆಗಡಿ.

"ಇವತ್ತೊಂದಿನ ಮಲಗಿ" ಎಂದೆ.

"ನೆಗಡಿಗೆ ಮಲಗಿದ್ರೆ ನಗ್ತಾರೆ ಕಣೇ. ನಮ್ಮ ಬೋಟೇ ತಾನೆ, ಇಂಜಿನ್ ಒಂದ್ಸಲ ಚಾಲೂ ಮಾಡಿ ಬರ್ತೀನಿ."

ಹಲಗೆ ಎತ್ತಿ ಮೂಸಿಯೇ ಇರುತ್ತಾರೆ. ಕಟ್ಟಿದ ಮೂಗಿಗೆ ಏನೂ ಬಂದಿರಲಿಕ್ಕಿಲ್ಲ.

ಮೂರು ದಿನ ಕಳೆದ ಮೇಲೆ ಹಗ್ಗದಂಗಡಿಯವನು ಅಂಗಡಿಯ ಮುಂದೆ ನಿಂತು ಹೇಳುತ್ತಿದ್ದ. ನಾನು ಹಿಂದೆಯೇ ಇದ್ದೆ.

"ಊರ ಟ್ಯಾಂಕಿಗೆಲ್ಲ ಬುದ್ಧಿ ಹೇಳಿದೋರು ತಮ್ಮದನ್ನ ನೋಡ್ಲಿಲ್ಲ ನೋಡಿ. ದೀಪದ ಬುಡದಲ್ಲೇ ಕತ್ತಲೆ."

ಅವರು ಬಿಟ್ಟುಹೋಗಿದ್ದು ಒಳ್ಳೆ ಕೆಲಸಗಾರ ಎಂಬ ಹೆಸರೊಂದೇ. ಅದೂ ಹೋಗುತ್ತಿತ್ತು. ಮೈದುನನನ್ನು ಕರೆದೆ. ಅವನು ವೆಲ್ಡಿಂಗ್ ಮಾಡುವವನು, ಅಣ್ಣನ ಕೈಕೆಳಗೇ ಕಲಿತವನು.

"ಟ್ಯಾಂಕ್ ಹೊರಗೆ ತೆಗಿ. ತಪ್ಪು ಎಲ್ಲಾಯ್ತು ಅಂತ ನನಗೆ ಗೊತ್ತಾಗಬೇಕು" ಎಂದೆ.

ಬೋಟನ್ನು ದಡಕ್ಕೆ ಎಳೆಸಿ, ಉಳಿದ ಹಲಗೆ ಕೊಯ್ದು, ಟ್ಯಾಂಕ್ ಎತ್ತಿದ. ಮೇಲೆಲ್ಲ ಮಸಿ, ಆದರೆ ಒಂದು ತೂತಿಲ್ಲ. ಪಕ್ಕಗಳೂ ಗಟ್ಟಿ. ಮಗುಚಿದ. ತಳ ಜರಡಿಯಾಗಿತ್ತು. ಅದಕ್ಕೆ ಅಂಟಿಕೊಂಡು ಒಂದು ನೀಲಿ ಕಂಬಳಿ. ನೀರಿನಲ್ಲಿದ್ದುದರಿಂದ ಸುಟ್ಟಿರಲಿಲ್ಲ. ಅದರ ಮೈತುಂಬ ಬಿಳಿ ಪುಡಿ.

"ಇದನ್ನ ಅಣ್ಣ ಇಟ್ಟಿಲ್ಲ ಅತ್ತಿಗೆ" ಎಂದ ಮೈದುನ. "ಟ್ಯಾಂಕಿನ ಅಡಿ ಬೆರಳಷ್ಟು ಜಾಗ ಬಿಡು, ಗಾಳಿ ಆಡ್ಬೇಕು ಅಂತ ನನ್ನ ತಲೆಗೆ ಮೊಟಕಿ ಕಲಿಸಿದೋನು ಅವನು. ಉಪ್ಪುನೀರು ಕುಡಿದ ಬಟ್ಟೆ ಒತ್ತಿಕೊಂಡು ಕೂತ್ರೆ ಅಲ್ಯೂಮಿನಿಯಂ ಹುಳುಕು ಹಲ್ಲಿನ ಥರ ಸವೆದು ಹೀಗೆ ಬಿಳಿ ಪುಡಿಯಾಗುತ್ತೆ. ಯಾವ ಮುಠ್ಠಾಳ ತುರುಕಿದ ಇದನ್ನ?"

ಕಂಬಳಿಯ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ. ನನ್ನ ಹೊಲಿಗೆ.

ನಾಲ್ಕು ವರ್ಷದ ಹಿಂದೆ. ಮಗಳು ಕೂಸು. ಬೋಟಿನಲ್ಲಿ ಮಲಗಿಸಿದರೆ ಅಲೆ ಬಡಿದಾಗೆಲ್ಲ ಟ್ಯಾಂಕ್ ಡಬಡಬ ಎಂದು ಅದುರಿ ಅವಳು ಎದ್ದುಬಿಡುವಳು. ಅವರು ಕುಡಿಯುವ ನೀರು ತರಲು ಹೋದಾಗ ಹಲಗೆ ಎತ್ತಿ, ಹುಟ್ಟಿನ ಹಿಡಿಯಿಂದ ಈ ಕಂಬಳಿಯನ್ನು ಅಡಿಗೆ ತಳ್ಳಿದ್ದೆ. ಅವತ್ತೇ ಬೆಳಿಗ್ಗೆ ಅವರೂ ಸದ್ದು ನಿಲ್ಲಿಸಲೆಂದು ಟ್ಯಾಂಕ್ ಹಿಡಿದಿಡುವ ಪಟ್ಟಿಯ ಸ್ಕ್ರೂ ಬಿಗಿ ಮಾಡಿದ್ದರು. ಬೋಟು ಹೊರಟಿತು. ಸದ್ದಿಲ್ಲ.

"ನೋಡಿದ್ಯಾ? ಎರಡೇ ಸುತ್ತು ಬಿಗಿದೆ, ಬಾಯಿ ಮುಚ್ಕೊಂಡ್ತು!"

ಅಷ್ಟು ಖುಷಿ ಅವರ ಮುಖದಲ್ಲಿ. ವಾರವಿಡೀ ದಡದವರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನು ಹೇಗೆ ಹೇಳಲಿ? "ಭಲೇ ಮೇಸ್ತ್ರಿ" ಎಂದೆ. ಆಮೇಲೆ ಮರೆತೂಬಿಟ್ಟೆ. ಅವರು ಪ್ರತಿ ವರ್ಷ ಮೇಲೆ ತಟ್ಟಿದರು, ಪಕ್ಕ ತಟ್ಟಿದರು. ಅಡಿಯಲ್ಲಿ ಗಾಳಿ ಆಡುತ್ತಿದೆ ಎಂದೇ ನಂಬಿದ್ದರು.

ಆ ಕೆಂಪು ಹೊಲಿಗೆಯ ಮೇಲೆ ಬೆರಳಿಟ್ಟೆ. ಮೈದುನ ನನ್ನ ಮುಖ ನೋಡಿದ. ಗೊತ್ತಾಯಿತು ಅವನಿಗೆ. ಕಂಬಳಿಯನ್ನು ಸುತ್ತತೊಡಗಿದ.

"ನಾನೇನೂ ನೋಡಿಲ್ಲ ಅತ್ತಿಗೆ. ಸುಟ್ಟುಬಿಡ್ತೀನಿ. ನಿಮಗೆ ಮಗಳಿದ್ದಾಳೆ."

"ಕೊಡಪ್ಪ ಇಲ್ಲಿ."

ಹಗ್ಗದಂಗಡಿಗೆ ಹೋದೆ. ನಾಲ್ಕೈದು ಜನ ಇದ್ದರು. ನೀರು ಸೋರುತ್ತಿದ್ದ ಕಂಬಳಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಕಿದೆ.

"ಇದು ಟ್ಯಾಂಕಿನ ಅಡಿ ಸಿಕ್ಕಿದ್ದು. ಇಟ್ಟೋಳು ನಾನು. ಸದ್ದಾಗುತ್ತೆ ಅಂತ ಇಟ್ಟೆ, ಇದೇ ಟ್ಯಾಂಕಿನ ತಳ ತಿಂದುಹಾಕಿದೆ. ಅವರು ಜಾಗ ಸರಿಯಾಗೇ ಬಿಟ್ಟಿದ್ರು. ಅವರಿಗೆ ಗೊತ್ತಿರಲಿಲ್ಲ. ಬೈಯೋದಿದ್ರೆ ನನ್ನ ಬೈಯಿರಿ."

ಅಂಗಡಿಯವನು ಸ್ಟೂಲು ಮುಂದೆ ತಳ್ಳಿದ. ಕೂರಲಿಲ್ಲ.

ಮೂಲೆಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ಎದ್ದು ನಿಂತ. ಮುಖ ಬಿಳಿಚಿತ್ತು.

"ತಂಗೀ, ಸದ್ದು ಅಂತ ನಾನೂ ಗೋಣಿಚೀಲ ಇಟ್ಟಿದೀನಲ್ಲ... ಮಗ ಈಗ ಬೋಟಿಗೆ ಹೋದ."

"ಕೀಲಿ ತಿರುಗಿಸಬೇಡ ಅನ್ನಿ! ಓಡಿ!"

ಅವನು ಚಪ್ಪಲಿ ಬಿಟ್ಟು ಓಡಿದ. ಅವನ ಹಿಂದೆ ಹಗ್ಗದಂಗಡಿಯವನು. ನಾನು ಅಲ್ಲೇ ನಿಂತೆ, ಕಿವಿಯಿಟ್ಟುಕೊಂಡು. ತುಂಬ ಹೊತ್ತು. ಅವತ್ತಿನ ಆ ಶಬ್ದ ಕೇಳಿಸಲಿಲ್ಲ.