ಸೀಟು ಕೊಡಿಸುವ ಅರುಣ್‌ಕುಮಾರ

ಚನ್ನರಾಯಪಟ್ಟಣದ ಬಿಸಿಲಲ್ಲಿ ಟೈ ಕಟ್ಟಿಕೊಂಡು ಓಡಾಡುವ ಮನುಷ್ಯ ಒಬ್ಬನೇ. ಅವನು ಅರುಣ್‌ಕುಮಾರ. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಮೇಲೆ ಅವನ ಆಫೀಸು. ಡಿಗ್ರಿ ಸೀಟು ಕೊಡಿಸುವುದು ಕೆಲಸ. ಅವನಿಗೆ ಡಿಗ್ರಿ ಇಲ್ಲ.

ನನಗೂ ಇಲ್ಲ. ಆದರೆ ಕೊಡಿಸುತ್ತೇನೆ ಎಂದು ನಾನು ಬೋರ್ಡು ಹಾಕಿಲ್ಲ.

ನುಗ್ಗೇಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನಮ್ಮಿಬ್ಬರದು ಒಂದೇ ಬೆಂಚು. ನಾನು ಅಲ್ಲಿಗೆ ಬಿಟ್ಟೆ. ಅವನು ಪಿಯುಸಿ ತನಕ ಹೋಗಿ ಎರಡು ಸಬ್ಜೆಕ್ಟು ಕಳೆದುಕೊಂಡ. ಕೇಳಿದರೆ ಫೇಲು ಅನ್ನುವುದಿಲ್ಲ, ಡಿಸ್‌ಕಂಟಿನ್ಯೂ ಅನ್ನುತ್ತಾನೆ. ಶಾಲೆಯಲ್ಲೂ ಹೀಗೇ ಇದ್ದ. ಪಾಠ ಓದುತ್ತಿರಲಿಲ್ಲ. ಪುಸ್ತಕಕ್ಕೆ ಬಣ್ಣದ ರಟ್ಟು ಹಾಕಿ ಮೇಷ್ಟ್ರ ಕೈಲಿ ಶಭಾಷ್ ಅನ್ನಿಸಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ವಿಮೆ ಮಾರಿದ. ನೀರಿನ ಫಿಲ್ಟರು ಮಾರಿದ. ಇಲ್ಲದ ಬಡಾವಣೆಯಲ್ಲಿ ಸೈಟು ತೋರಿಸಿದ. ವಿಮೆ ಮಾಡಿಸಿದ ಬೀದಿಗೆ ಫಿಲ್ಟರು ಹಿಡಿದುಕೊಂಡು ಹೋಗುವ ಹಾಗಿರಲಿಲ್ಲ. ಫಿಲ್ಟರು ಮಾರಿದ ಬೀದಿಗೆ ಸೈಟಿನ ನಕ್ಷೆ ಹಿಡಿದು ಹೋಗುವ ಹಾಗಿರಲಿಲ್ಲ. ಊರಿನ ಬೀದಿಗಳೆಲ್ಲ ಮುಗಿದ ಮೇಲೆ ಟೈ ಕಟ್ಟಿದ.

ನಾನು ಪಾಪಯ್ಯ. ಕೊಬ್ಬರಿ ಮಂಡಿಯಲ್ಲಿ ಆರಿಸುವ ಕೆಲಸ. ಉಂಡೆ ಕೊಬ್ಬರಿಯನ್ನು ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದರೆ ಒಳಗೆ ಒಣಗಿದೆಯೋ ಕೊಳೆತಿದೆಯೋ ಗೊತ್ತಾಗುತ್ತದೆ. ಚೀಲದ ಬಾಯಲ್ಲಿ ಎಲ್ಲರೂ ಒಳ್ಳೆಯದನ್ನೇ ಇಡುತ್ತಾರೆ. ಅದಕ್ಕೇ ನಮ್ಮ ಮಂಡಿಯಲ್ಲಿ ಚೀಲ ಬೋರಲು ಹಾಕದೆ ಮಾತಿಲ್ಲ. ತಳ ಕೆಟ್ಟಿದ್ದರೆ ಬೈಯುವುದೂ ಇಲ್ಲ. ಸುರಿದ ರಾಶಿಯನ್ನು ಬಾಗಿಲಲ್ಲಿ ಹಾಗೇ ಬಿಡುತ್ತೇವೆ. ಹೋಗುವವರು ಬರುವವರು ನೋಡುತ್ತಾರೆ. ತಂದವನೇ ಬಾಚಿಕೊಂಡು ಹೋಗಬೇಕು.

ನನ್ನ ದೊಡ್ಡ ಮಗಳು ಶೋಭಿತಾ ಪಿಯುಸಿ ಸೈನ್ಸ್ ಮುಗಿಸಿದಳು. ಗಣಿತದಲ್ಲಿ ತೊಂಬತ್ತೊಂದು. ಡೇಟಾ ಸೈನ್ಸ್ ಓದುತ್ತೇನೆ ಅಂದಳು. ಹಾಗಂದರೇನು ಎಂದು ಕೇಳಿದೆ.

"ನೀನು ತಟ್ಟಿ, ಒಳಗೇನೈತೆ ಅಂತ ಯೋಳ್ತೀಯಲ್ಲಪ್ಪ. ಅದು ನಿನ್ ಕಿವಿಗೆ ಎಂಗ್ ಬಂತು?"

"ಸಾವ್ರಾರು ಕೊಬ್ಬರಿ ತಟ್ಟಿ ಬಂತು."

"ಅದೇಯ. ಅಂಗೇ ಲಕ್ಷಾಂತರ ಲೆಕ್ಕ ಕಂಪ್ಯೂಟರ್‌ಗೆ ಕೊಟ್ಟು, ಒಳಗೇನೈತೆ ಅಂತ ತಿಳ್ಕೊಳೋದು. ಅದ್ಕೆ ಮೊದ್ಲು ಗಣಿತ ಗಟ್ಟಿ ಇರ್ಬೇಕು. ಸ್ಟ್ಯಾಟಿಸ್ಟಿಕ್ಸ್ ಬೇಕು."

ಹಳೇ ಕ್ಯಾಲೆಂಡರಿನ ಹಿಂದೆ ಅವಳು ಎಲ್ಲ ಬರೆದಿಟ್ಟುಕೊಂಡಿದ್ದಳು. ಹಾಸನದ ಸರ್ಕಾರಿ ಕಾಲೇಜು. ಬಿ.ಎಸ್ಸಿ.ಯಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್. ಆಮೇಲೆ ಡೇಟಾ ಸೈನ್ಸಿನಲ್ಲಿ ದೊಡ್ಡ ಡಿಗ್ರಿ. ಅರ್ಜಿ ಹಾಕಿ ಲಿಸ್ಟಿನಲ್ಲಿ ಹೆಸರೂ ಬಂದಿತ್ತು. ಶುಕ್ರವಾರ ಒರಿಜಿನಲ್ ದಾಖಲೆ ತೋರಿಸಬೇಕು. ಅದಕ್ಕೆ ಮುಂಚೆ ಎರಡು ದಿನ ಇದ್ದು ಬರುತ್ತೇನೆಂದು ಅರಕಲಗೂಡಿಗೆ, ಅವಳ ಅಜ್ಜಿ ಮನೆಗೆ ಹೋದಳು.

ಆಗ ಅರುಣ್‌ಕುಮಾರ ಮಂಡಿಗೆ ಬಂದ. ಕೈಯಲ್ಲಿ ಬಣ್ಣದ ಪುಸ್ತಕ. ಅದರ ರಟ್ಟಿನ ಮೇಲೆ ಗಾಜಿನ ಕಟ್ಟಡ, ಕಾರಂಜಿ.

"ಏನ್ ಪಾಪಯ್ಯ, ಮಗಳು ಡೇಟಾ ಸೈನ್ಸ್ ಅಂತವ್ಳಂತೆ. ಸರ್ಕಾರಿ ಕಾಲೇಜಲ್ಲಿ ಬರೀ ಬಿಎಸ್ಸಿ ಅಂತ ಕೊಡ್ತಾರೆ ಕಣಯ್ಯ. ಎಸ್ರಲ್ಲೇ ಡೇಟಾ ಸೈನ್ಸ್ ಇರೋ ಡಿಗ್ರಿ ನಮ್ದು. ಆಸನ ಟೌನಲ್ಲೇ. ಸರಾಸರಿ ಪ್ಯಾಕೇಜು ಅನ್ನೆರಡು ಲಕ್ಷ. ಸೀಟು ಮೂರೇ ಉಳ್ದಿರೋದು."

"ಮಗಳು ಬರ್ಲಿ."

"ಅವ್ಳು ಬರೋ ಒತ್ಗೆ ಸೀಟು ಓಗಿರ್ತದೆ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿ.ಸಿ., ಎರಡು ಫೋಟೊ ಕೊಡು. ಇಡಿದಿಟ್ಟಿರ್ತೀನಿ. ಒಂದ್ ಪೈಸೆ ಬ್ಯಾಡ. ನೀನ್ ನನ್ ಬೆಂಚಿನೋನು."

ಕೊಟ್ಟೆ. ಬರೆಯಲು ನಾಚಿಕೆ. ಆದರೂ ಕೊಟ್ಟೆ.

ಹೆಂಡತಿ ಲಕ್ಷ್ಮಿದೇವಮ್ಮನಿಗೆ ಹೇಳಿದಾಗ ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇಪ್ಪತ್ತು ವರ್ಸ ಚೀಲ ಬೋರಲಾಕಿದೋನು, ಪುಸ್ತಕದ ರಟ್ಟು ನೋಡಿ ಕೊಟ್ಬುಟ್ಟೆಯಾ. ನಿನ್ನ ಮಂಡೀಲಿ ಇಟ್ಕೊಂಡವ್ರಲ್ಲ, ಅವ್ರಿಗೆ ಯೋಳ್ಬೇಕು."

ಬುಧವಾರ ಶೋಭಿತಾ ಬಂದಳು. ಅಳಲಿಲ್ಲ, ಬೈಯಲಿಲ್ಲ. "ಸುಕ್ರವಾರ ಒರಿಜಿನಲ್ ತೋರಿಸ್ದಿದ್ರೆ ನನ್ ಸೀಟು ಬ್ಯಾರೆಯೋರ್ಗೆ ಓಯ್ತದೆ ಕಣಪ್ಪ" ಅಂದಳು ಅಷ್ಟೇ.

ಗುರುವಾರ ಬೆಳಿಗ್ಗೆ ಇಬ್ಬರೂ ಅವನ ಆಫೀಸಿಗೆ ಹೋದೆವು. ದಾಖಲೆ ಕಾಲೇಜಿಗೆ ಕಳಿಸಿಯಾಗಿದೆ ಅಂದ. ಹಾಗಾದರೆ ಕಾಲೇಜಿಗೇ ನಡಿ ಅಂದೆ. ಅವನಿಗೆ ಖುಷಿಯಾಯಿತು. ಕಾಲೇಜು ನೋಡಿದವರು ಯಾರೂ ದಾಖಲೆ ವಾಪಸ್ ಕೇಳುವುದಿಲ್ಲ ಎಂದು ಹಾಸನದ ಬಸ್ಸಿನಲ್ಲಿ ಎರಡು ಸಲ ಹೇಳಿದ.

ಟೈಲ್ಸ್ ಅಂಗಡಿ ಮೇಲೆ ಎರಡು ಮಹಡಿ. ಅದೇ ಕಾಲೇಜು. ಗಾಜೂ ಇಲ್ಲ, ಕಾರಂಜಿಯೂ ಇಲ್ಲ.

"ಪುಸ್ತಕದಲ್ಲಿರೋದು ಮುಂದೆ ಕಟ್ಟೋದು" ಅಂದ.

ಮೊದಲ ಮಹಡಿಯಲ್ಲಿ ಸೋಫಾ, ಪ್ಲಾಸ್ಟಿಕ್ ಹೂವು. ಎಂಟು ಹತ್ತು ಮನೆಯವರು ಮಕ್ಕಳ ದಾಖಲೆ ಹಿಡಿದು ಕೂತಿದ್ದರು. ನಮಗೂ ಕೂರಲು ಹೇಳಿದ. ನಾನು ಕೂರಲಿಲ್ಲ.

"ಮೂರ್ನೇ ವರ್ಸದ ಮಕ್ಕಳ್ನ ತೋರ್ಸು."

"ಅವ್ರು ಪ್ರಾಜೆಕ್ಟ್‌ಗೆ ಓಗವ್ರೆ. ನೀನ್ ಲ್ಯಾಬ್ ನೋಡು ಬಾ."

"ಲ್ಯಾಬು ಚೀಲದ ಬಾಯಿ. ನಂಗೆ ತಳ ಬೇಕು."

ಅಷ್ಟರಲ್ಲಿ ಶೋಭಿತಾ ಮೆಟ್ಟಿಲು ಹತ್ತಿದ್ದಳು. ನಾವಿಬ್ಬರೂ ಹಿಂದೆಯೇ ಹೋದೆವು. ಮೇಲಿನ ರೂಮಿನಲ್ಲಿ ಹದಿನಾಲ್ಕು ಮಕ್ಕಳು. ಗೋಡೆ ಮೇಲೆ ವಿಡಿಯೋ ಓಡುತ್ತಿತ್ತು. ಪಾಠ ಮಾಡುವವರು ಕಿಟಕಿ ಹತ್ತಿರ ಮೊಬೈಲ್ ನೋಡುತ್ತಿದ್ದರು. ಬಾಗಿಲ ಪಕ್ಕದ ಹುಡುಗಿ ಹೊಳೆನರಸೀಪುರದವಳು, ಮಾನಸಾ ಅಂತ ಹೆಸರು. ಶೋಭಿತಾ ಅವಳ ಹತ್ತಿರ ಬಗ್ಗಿದಳು.

"ಅಕ್ಕ, ಸ್ಟ್ಯಾಟಿಸ್ಟಿಕ್ಸ್ ಯಾರು ತಗೋತಾರೆ?"

"ಮೇಡಂ ಬಿಟ್ಟೋಗಿ ನಾಲ್ಕ್ ತಿಂಗ್ಳಾಯ್ತು. ಈಗ ಕಾಮರ್ಸ್ ಸಾರು ಯೂಟ್ಯೂಬ್ ಆಕ್ತಾರೆ."

"ಮೂರ್ನೇ ವರ್ಸದೋರು?"

"ಎಲ್ಲವ್ರೆ? ನಾವೇ ಫಸ್ಟ್ ಬ್ಯಾಚು. ಈಗ ಎರಡ್ನೇ ವರ್ಸ." ಆಮೇಲೆ ಮೆಲ್ಲಗೆ ಅಂದಳು, "ನನ್ ಮಾರ್ಕ್ಸ್ ಕಾರ್ಡು ಇವ್ರತ್ರ ಐತೆ. ಇಲ್ದಿದ್ರೆ ಯಾವತ್ತೋ ಓಗ್ತಿದ್ದೆ."

ಶೋಭಿತಾ ಅರುಣ್‌ಕುಮಾರನ ಕಡೆ ತಿರುಗಿದಳು.

"ಸಾ, ಇಲ್ಲಿಂದ ಇನ್ನೂ ಯಾರೂ ಪಾಸಾಗೇ ಇಲ್ಲ. ಅನ್ನೆರಡು ಲಕ್ಷದ ಸರಾಸರಿ ಯಾರ್ದು ಸಾ?"

ಅರುಣ್‌ಕುಮಾರ ಟೈ ಮುಟ್ಟಿಕೊಂಡ. "ಅದು ಇಂಡಿಯಾದ್ದು ಕಣಮ್ಮ."

ಕೆಳಗೆ ಬಂದು ದಾಖಲೆ ಕೇಳಿದೆ. ಮೂರು ವರ್ಷದ ಫೀಸು ಪೂರ್ತಿ ಕಟ್ಟಿದರೆ ಮಾತ್ರ ವಾಪಸ್ ಎಂದು ಕೌಂಟರಿನವನು ಹೇಳಿದ. ಅಡ್ಮಿಷನ್ನೇ ಮಾಡಿಸಿಲ್ಲವಲ್ಲ ಅಂದೆ. ರೂಲ್ಸು ಅಂದ. ಜಗಳ ನನಗೆ ಬರುವುದಿಲ್ಲ. ಬರುವುದು ಮಂಡಿಯ ಕೆಲಸ ಒಂದೇ. ಕಾಯುತ್ತಿದ್ದವರ ಮಧ್ಯೆ ನಿಂತೆ.

"ಎಲ್ರೂ ಒಂದ್ಸಲಿ ಮ್ಯಾಲೋಗಿ ನೋಡ್ಕಂಡ್ ಬನ್ನಿ. ಮೂರ್ನೇ ವರ್ಸ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಯೋಳ್ಕೊಡೋರಿಲ್ಲ. ನನ್ ಮಗಳ ಕಾರ್ಡು ಒಳಗೈತೆ, ಕೊಡಲ್ಲ ಅಂತವ್ರೆ."

ಹೇಳಿ ಬಾಗಿಲ ಪಕ್ಕದ ಸೋಫಾದಲ್ಲಿ ಕೂತೆ. ಹೊಸಬರು ಬಂದರೆ ಎದ್ದು ಅದೇ ಮೂರು ಮಾತು. ಮತ್ತೆ ಕೂರುವುದು. ಒಬ್ಬರು ಮೇಲೆ ಹೋದರು. ಇಳಿದು ಬಂದು ಮಗನ ಕೈ ಹಿಡಿದುಕೊಂಡು ನೇರ ಬೀದಿಗೆ ಹೋದರು. ಇನ್ನೊಬ್ಬರು ಹೋದರು.

ಅರುಣ್‌ಕುಮಾರ ನನ್ನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಮರ್ಯಾದೆ ತೆಗೀಬ್ಯಾಡ ಕಣೋ ಪಾಪಯ್ಯ."

"ಇದ್ರೆ ತಾನೆ ತೆಗೆಯೋಕೆ."

ನಾಲ್ಕನೇ ಮನೆಯವರು ಎದ್ದುಹೋದ ಮೇಲೆ ಮಾರ್ಕ್ಸ್ ಕಾರ್ಡು ಬಂತು. ಟಿ.ಸಿ. ಎಲ್ಲಿ ಎಂದು ಮತ್ತೆ ಕೂತೆ. ಅದೂ ಬಂತು. ಮಾನಸಾಳದ್ದನ್ನೂ ಕೇಳಿದೆ. ಅವಳ ಅಪ್ಪನೇ ಬರಬೇಕು ಅಂದರು. ಮಾನಸಾಳಿಂದ ಅಪ್ಪನ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಯಾವ ಸೋಫಾದಲ್ಲಿ ಕೂರಬೇಕು ಎಂದು ಹೇಳಿದೆ.

ವಾಪಸ್ ಬರುವಾಗ ಅವನೂ ಅದೇ ಬಸ್ಸಿಗೆ ಹತ್ತಿದ. ಊರು ಬರುವ ಹೊತ್ತಿಗೆ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದ, "ನಿನ್ ಎರಡ್ನೇ ಮಗಳು ಭಾನುಪ್ರಿಯಾ ಈಗ ಎಷ್ಟ್ನೇ ಕ್ಲಾಸು?"

ಅವನ ಮೇಲೆ ನನಗೆ ಕೋಪವಿಲ್ಲ. ಕೋಪ ಬರಲು ಎದುರಿಗಿರುವವನಲ್ಲಿ ಸ್ವಲ್ಪ ತೂಕ ಇರಬೇಕು. ಒಳಗೆ ಏನೂ ಇಲ್ಲದ ಕೊಬ್ಬರಿಯನ್ನು ನಾವು ಬೈಯುವುದಿಲ್ಲ, ಪಕ್ಕಕ್ಕೆ ಎಸೆಯುತ್ತೇವೆ.

ಶುಕ್ರವಾರ ಸರ್ಕಾರಿ ಕಾಲೇಜಿನವರು ದಾಖಲೆ ನೋಡಿ ಸೀಲು ಒತ್ತಿದರು. ಶೋಭಿತಾ ಈಗ ದಿನಾ ಬೆಳಿಗ್ಗೆ ಹಾಸನದ ಬಸ್ಸಿಗೆ ಹೋಗುತ್ತಾಳೆ.

ತಿಂಗಳು ಕಳೆದ ಮೇಲೆ ಜೆರಾಕ್ಸ್ ಅಂಗಡಿ ಮುಂದೆ ಹೊಸ ಫ್ಲೆಕ್ಸು ನಿಂತಿತು. ನಮ್ಮಿಂದ ಸೀಟು ಪಡೆದವರು ಎಂದು ಮೇಲೆ ಬರೆದಿತ್ತು. ಸಾಲಿನಲ್ಲಿ ಮೂರನೆಯದು ನನ್ನ ಮಗಳ ಫೋಟೊ. ಕೆಳಗೆ ಗಣಿತದ ತೊಂಬತ್ತೊಂದು.

"ಮಾರ್ಕ್ಸು ಸರ್ಯಾಗೇ ಆಕವ್ರೆ ಕಣಪ್ಪ" ಎಂದು ಶೋಭಿತಾ ನಕ್ಕಳು. "ಅದ್ರಲ್ಲಿ ನಿಜ ಅಂತಿರೋದು ಅದೊಂದೇಯ."

ನನಗೆ ನಗು ಬರಲಿಲ್ಲ. ಮರುದಿನ ಮಂಡಿಗೆ ಹೋಗುವಾಗ ಕೊಬ್ಬರಿ ಕೊಯ್ಯುವ ಚಾಕು ತೆಗೆದು, ಫ್ಲೆಕ್ಸಿನಲ್ಲಿ ಅವಳಿದ್ದಷ್ಟು ಚೌಕ ಕೊಯ್ದುಕೊಂಡೆ. ಅರುಣ್‌ಕುಮಾರ ಮೆಟ್ಟಿಲಿಳಿದು ಓಡಿ ಬಂದ.

"ಪ್ರಚಾರಕ್ಕೆ ಆಕಿದ್ದು ಕಣೋ. ಆಳ್ಮಾಡ್ಬುಟ್ಟೆಯಲ್ಲೋ."

"ನಂದು ತಗಂಡೆ. ಮಿಕ್ಕಿದ್ದು ನಿಂದು."

ಆ ಫ್ಲೆಕ್ಸು ಈಗಲೂ ಹಾಗೇ ಇದೆ, ನಡುವೆ ಚೌಕದ ತೂತು. ಹೊಸದು ಮಾಡಿಸಿಲ್ಲ. ತೂತಿನ ಪಕ್ಕದಲ್ಲೇ ನಿಂತು, ಟೈ ಸರಿ ಮಾಡಿಕೊಂಡು, ಯಾರದೋ ಅಪ್ಪನಿಗೆ ಮೂರೇ ಸೀಟು ಉಳಿದಿದೆ ಎಂದು ಹೇಳುತ್ತಿರುತ್ತಾನೆ. ಆ ಅಪ್ಪನ ಕಣ್ಣು ತೂತಿನ ಮೇಲೆ ಬಿದ್ದರೆ, ಕೊಯ್ದವರು ಯಾರೆಂದು ಅಕ್ಕಪಕ್ಕದ ಅಂಗಡಿಯಲ್ಲಿ ವಿಚಾರಿಸಿಕೊಂಡು ಮಂಡಿಗೆ ಬಂದು, ಏನಾಗಿತ್ತು ಅಲ್ಲಿ ಎಂದು ಕೇಳುತ್ತಾನೆ. ನಾನು ಹೇಳುತ್ತೇನೆ.