ಗಾಜಿಲ್ಲದ ಲಕ್ಷ್ಮಿ ಪಟ

ನಮ್ಮ ನಡುಮನೆ ಗೋಡೆ ಮೇಲಿರೋ ದೇವರ ಪಟಗಳಲ್ಲಿ ದುಡ್ಡು ಕೊಟ್ಟು ತಂದದ್ದು ಒಂದೂ ಇಲ್ಲ. ಎಲ್ಲಾ ಕ್ಯಾಲೆಂಡರಿನವು. ಹೊಸಕೋಟೆಯ ಜವಳಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ವರ್ಷ ವರ್ಷ ಕೊಡ್ತಿದ್ದರು. ವರ್ಷ ಮುಗಿದ ಮೇಲೆ ಕೆಳಗಿನ ತಾರೀಕಿನ ಹಾಳೆ ಕತ್ತರಿಸಿ, ದೇವರನ್ನ ಮಾತ್ರ ಉಳಿಸಿಕೊಳ್ಳೋದು. ನನಗೆ ಇಸವಿ ನೆನಪಿರಲ್ಲ, ದೇವರು ನೆನಪಿರ್ತಾರೆ. ಬೆಣ್ಣೆ ಕೃಷ್ಣ ಬಂದ ವರ್ಷ ದೊಡ್ಡ ಮಗಳು ಹುಟ್ಟಿದಳು. ಸುಬ್ರಹ್ಮಣ್ಯ ಬಂದ ವರ್ಷ ಊರಿಗೆ ಕರೆಂಟು ಬಂತು. ಆಂಜನೇಯನ ವರ್ಷ ಹಸು ಬಾವಿಗೆ ಬಿದ್ದು, ಬದುಕಿ ಮೇಲೆ ಬಂತು.

ನಾನು ತವರಿಂದ ತಂದದ್ದು ಒಂದೇ ಪಟ, ಲಕ್ಷ್ಮಿದು. ಜಡಿಗೇನಹಳ್ಳಿ ಕಡೆಯ ನಮ್ಮ ತವರುಮನೆಯಲ್ಲಿ ಅದಕ್ಕೆ ಕಟ್ಟೂ ಇರಲಿಲ್ಲ, ಗಾಜೂ ಇರಲಿಲ್ಲ. ನಮ್ಮಮ್ಮ ಶುಕ್ರವಾರ ಶುಕ್ರವಾರ ಕಾಗದದ ಮೇಲೇ ಕುಂಕುಮ ಇಡ್ತಿದ್ದಳು. ಇಟ್ಟೂ ಇಟ್ಟೂ ಲಕ್ಷ್ಮಿಯ ಹಣೆ ತುಂಬಾ ಕೆಂಪಾಗಿ, ಅಮ್ಮನ ಉಂಗುರದ ಬೆರಳಿನ ಗುರುತು ಅಲ್ಲೇ ಕೂತುಬಿಟ್ಟಿತ್ತು. ಮದುವೆ ಆದಾಗ ಅದನ್ನ ಹಳೇ ಸೀರೆ ತುಂಡಿನಲ್ಲಿ ಸುತ್ತಿ ನನ್ನ ಟ್ರಂಕಿಗೆ ಹಾಕಿದಳು. ಮುಂದಿನ ಸಂಕ್ರಾಂತಿಗೆ ಅಮ್ಮ ಇರಲಿಲ್ಲ. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ಬೆರಳಿನ ಗುರುತೇ ನನಗೆ ಅಮ್ಮ.

ನಂದಗುಡಿ ಹತ್ತಿರದ ಈ ಮನೆಯಲ್ಲಿ ಆ ಪಟದ ಅಂಚಿಗೆ ಗೆದ್ದಲು ಹತ್ತಿತು. ಒಂದು ಗೌರಿಹಬ್ಬಕ್ಕೆ ಮುಂಚೆ ಸುಣ್ಣ ಬಳಿಯೋಕೆ ಪಟಗಳನ್ನೆಲ್ಲಾ ಇಳಿಸಿದೆವು. ಅತ್ತೆ ಒಂದೊಂದೇ ನೋಡ್ತಾ, ಮುಕ್ಕಾದ ಪಟಕ್ಕೆ ಪೂಜೆ ಸಲ್ಲಲ್ಲ ಅಂದರು. ನಮ್ಮ ಕಡೆ ಅಂಥ ಪಟಾನ ಕಸಕ್ಕೆ ಹಾಕಲ್ಲ. ಅರಳಿಕಟ್ಟೆ ಮೇಲೆ ಒರಗಿಸಿ ಬರ್ತೀವಿ, ಇಲ್ಲಾ ಕೆರೆಗೆ ಬಿಡ್ತೀವಿ. ಮಾರನೇ ದಿನ ಉಳಿದವಕ್ಕೆ ಕಟ್ಟು ಹಾಕಿಸಿಕೊಂಡು ಬರ್ತೀನಿ ಅಂತ ಅತ್ತೆ ಹೊಸಕೋಟೆಗೆ ಬಸ್ಸು ಹತ್ತಿದರು. ಸಾಯಂಕಾಲ ಹೊಸ ಕಟ್ಟು, ಹೊಸ ಗಾಜು ಹಾಕಿಸಿಕೊಂಡು ದೇವರೆಲ್ಲಾ ಬಂದರು. ಲಕ್ಷ್ಮಿ ಬರಲಿಲ್ಲ.

ನೀರಿಗೆ ಹೋಗೋ ನೆಪ ಮಾಡಿಕೊಂಡು ಅರಳಿಕಟ್ಟೆಗೆ ಹೋಗಿ ನೋಡಿದೆ. ಯಾರ್ಯಾರದೋ ಮನೆ ದೇವರು ಸಾಲಾಗಿ ಒರಗಿದ್ದರು, ನಮ್ಮದು ಇರಲಿಲ್ಲ. ಹಾಗಾದರೆ ಕೆರೆಗೇ ಬಿಟ್ಟರು ಅಂದುಕೊಂಡೆ. ಅತ್ತೇನ ಕೇಳಲಿಲ್ಲ. ಕೇಳಿ, ಹೂಂ ಅಂದುಬಿಟ್ಟರೆ? ಕೇಳದೇ ಇದ್ದರೆ ಎಲ್ಲೋ ಇದೆ ಅನ್ನೋ ಒಂದು ಆಸೆಯಾದರೂ ಉಳಿಯುತ್ತೆ. ಹಾಗೇ ವರ್ಷಗಳು ಕಳೆದವು. ಅತ್ತೆಗೆ ಹೊತ್ತು ಹೊತ್ತಿಗೆ ಮುದ್ದೆ ಇಟ್ಟೆ, ಕಾಲು ಒತ್ತಿದೆ, ಎಲ್ಲಾ ಮಾಡಿದೆ. ನಗುನಗುತ್ತಾ ಮಾತಾಡಿದ್ದು ಮಾತ್ರ ಕಡಿಮೆ.

ಆಮೇಲೊಂದು ದಿನ ಮಧ್ಯಾಹ್ನ ಬೆಕ್ಕು ಅಟ್ಟದಿಂದ ಇಲಿ ಹಿಂದೆ ಹಾರಿ, ಶ್ರೀನಿವಾಸನ ಪಟಾನ ಕೆಡವಿ ಗಾಜು ಒಡೆಯಿತು. ಯಜಮಾನರು ತರಕಾರಿ ಲಾರಿಯಲ್ಲಿ ಬೆಂಗಳೂರಿಗೆ ಹೋಗಿದ್ದರು. ದೇವರ ಪಟದ ಗಾಜು ಒಡೆದರೆ ಅಪಶಕುನ ಅಂತಾರೆ. ತಂದೆ, ಅವರನ್ನ ಕಾಪಾಡಪ್ಪ ಅಂತ ಬೇಡಿಕೊಳ್ತಾ ಗಾಜಿನ ಚೂರು ಆಯ್ದು, ಹಿಂದಿನ ರಟ್ಟು ಬಿಚ್ಚಿದೆ. ರಟ್ಟಿಗೂ ಶ್ರೀನಿವಾಸನಿಗೂ ನಡುವೆ ಇನ್ನೊಂದು ಕಾಗದ. ತಿರುಗಿಸಿದೆ. ಗೆದ್ದಲು ತಿಂದ ಅಂಚು. ಕೆಂಪು ಹಣೆ. ಅಮ್ಮನ ಬೆರಳು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜಗಲಿ ಮೇಲೆ ಅವರೇಕಾಯಿ ಬಿಡಿಸ್ತಿದ್ದ ಅತ್ತೆ ಸದ್ದು ಕೇಳಿ ಒಳಗೆ ಬಂದರು.

"ಅದ್ಯಾಕಮ್ಮಿ ಅಳ್ತಿದೀಯ? ಗಾಜು ತಾನೇ ಒಡೆದಿದ್ದು."

ಕೈಯಲ್ಲಿದ್ದ ಪಟ ತೋರಿಸಿದೆ.

"ಹೂಂ, ನಾನೇ ಇಡಿಸಿದ್ದು. ಮುಕ್ಕಾಗಿದೆ, ಮುಂದಿಟ್ಟು ಪೂಜೆ ಮಾಡೋ ಹಂಗಿಲ್ಲ. ಹಂಗಂತ ಸೊಸೆ ತವರಿನ ಲಕ್ಷ್ಮೀನ ಯಾರಾದ್ರೂ ಆಚೆಗೆ ಕಳಿಸ್ತಾರಾ? ಗಂಡನ ಬೆನ್ನಿಗೆ ಇರ್ಲಿ ಅಂತ ಕಟ್ಟು ಹಾಕೋನಿಗೆ ಹೇಳ್ದೆ."

"ನೀವು ಹೇಳಲೇ ಇಲ್ಲವಲ್ಲ ಅತ್ತೆ."

"ನೀನು ಕೇಳಿದ್ಯಾ? ಮುಖ ಊದಿಸ್ಕೊಂಡು ಓಡಾಡ್ತಿದ್ದೆ. ನನ್ನ ಸಾರು ಸೇರ್ತಿಲ್ಲವೇನೋ ಅಂದ್ಕೊಂಡಿದ್ದೆ."

ಅಳ್ತಾನೇ ನಕ್ಕೆ. ಕೆರೆ ಪಾಲಾದಳು ಅಂತ ನಾನು ಕೊರಗಿದಷ್ಟು ಕಾಲವೂ ಲಕ್ಷ್ಮಿ ಮನೆಯಲ್ಲೇ ಇದ್ದಳು. ಶ್ರೀನಿವಾಸನಿಗೆ ನಾನು ಮುಡಿಸಿದ ಹೂವೆಲ್ಲಾ, ಹಚ್ಚಿದ ದೀಪವೆಲ್ಲಾ ಅವಳಿಗೂ ಸಂದಿತ್ತು. ಆ ಸಂಜೆ ಯಜಮಾನರು ಖಾಲಿ ಮಂಕರಿ ಹೊತ್ತು ಸುಖವಾಗಿ ಮನೆಗೆ ಬಂದರು. ದೇವರು ಒಂದು ಕೇಳಿದರೆ ಎರಡು ಕೊಡ್ತಾನೆ.

ಹೊಸ ಗಾಜು ಹಾಕಿಸುವಾಗ, ಅವಳಿಗೇ ಬೇರೆ ಕಟ್ಟು ಹಾಕಿಸಿಕೊಡಲಾ ಅಂತ ಯಜಮಾನರು ಕೇಳಿದರು. ಬೇಡ, ಇದ್ದ ಜಾಗದಲ್ಲೇ ಇರಲಿ ಅಂದೆ. ಪಟ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಾಗಿ ತೂಗುತ್ತೆ, ಹಿಂದೆ ಕೈ ಹಾಕೋಕೆ ಜಾಗ ಇದೆ. ಶುಕ್ರವಾರ ಶ್ರೀನಿವಾಸನಿಗೆ ಗಾಜಿನ ಮೇಲೆ ಕುಂಕುಮ ಇಟ್ಟು, ಅದೇ ಬೆರಳನ್ನ ಹಿಂದಕ್ಕೆ ಚಾಚಿ ರಟ್ಟಿಗೂ ಒಂದು ಬೊಟ್ಟು ಇಡ್ತಿದ್ದೆ.

ಅತ್ತೆ ಕೂತಲ್ಲಿಂದಲೇ ಹೇಳೋರು: "ಗೋಡೆಗೆ ಮೆತ್ತಬೇಡ್ವೇ, ಸುಣ್ಣ ಬಳಿದು ಇನ್ನೂ ತಿಂಗಳಾಗಿಲ್ಲ."